ಹಿರಿಯೂರು–ಹೊಳಲ್ಕೆರೆ ವಿಮಾನಯಾನ ಕಾಲಮೀಮಾಂಸೆ

ಹಿರಿಯೂರಿನಿಂದ ಹೊಳಲ್ಕೆರೆಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 48 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಇದು 3 ನಿಮಿಷ 36 ಸೆಕೆಂಡಿನ ದಾರಿ. ಯಾವ ಎರಡು ಊರಿನ ಹೆಸರು ಕೊಟ್ಟರೂ ಹಾರಾಟದ ಅವಧಿ ಹೇಳಿಬಿಡುವ ಅಂತರ್ಜಾಲದ ಜೋಯಿಸರು ಏರಲು, ಇಳಿಯಲು ಎಂದು ಇನ್ನರ್ಧ ಗಂಟೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಈ ಪ್ರಬಂಧದ ಪ್ರತಿಜ್ಞೆಯೇ ಬೇರೆ: ಊರುಗಳು ಹತ್ತಿರವಾದಷ್ಟೂ ವಿಮಾನದ ದಾರಿ ಉದ್ದವಾಗುತ್ತದೆ. ಪ್ರತ್ಯಕ್ಷ ಪ್ರಮಾಣ ಬೇಕೆ? ಪಡುವಣಕ್ಕಿರುವ ಹೊಳಲ್ಕೆರೆಗೆ ಹಾರಿಯೇ ಹೋಗುತ್ತೇನೆಂದು ಹಟ ಹಿಡಿದ ಹಿರಿಯೂರಿಗನು ಮೊದಲು ಅದಕ್ಕೆ ಬೆನ್ನು ಹಾಕಿ ಸುಮಾರು 160 ಕಿ.ಮೀ. ದೂರದ ಬೆಂಗಳೂರಿನ ಬಸ್ಸು ಹತ್ತಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಲ್ಟು ಬಿಚ್ಚಿ, ಚೀಲ ತೋರಿಸಿ, ಶಿವಮೊಗ್ಗದ ಸೋಗಾನೆಯಲ್ಲಿಳಿದು, ಚನ್ನಗಿರಿಯ ಮೇಲೆ ಮತ್ತೆ ಬಸ್ಸಿನಲ್ಲಿ ಪೂರ್ವಕ್ಕೆ ಬರಬೇಕು. ಅಷ್ಟರಲ್ಲಿ, ಬೆಳಿಗ್ಗೆ ಚಿತ್ರದುರ್ಗದ ಬಸ್ಸು ಹಿಡಿದ ಅವನ ಪಕ್ಕದ ಮನೆಯವನು ಹೊಳಲ್ಕೆರೆಯ ಕೆಲಸ ಮುಗಿಸಿ, ಊಟವನ್ನೂ ಮಾಡಿ, ವಾಪಸು ಮನೆ ಸೇರಿರುತ್ತಾನೆ. ದೆಹಲಿಗೆ ಹೊರಟವನಿಗಾದರೆ ಬೆಂಗಳೂರಿನ ಬಸ್ಸು ಪಯಣದ ಒಂದು ತುಣುಕು; ಹೊಳಲ್ಕೆರೆಗೆ ಹೊರಟವನಿಗೆ ಅದೊಂದೇ ಇಡೀ ದೂರದ ಮೂರು ಪಟ್ಟಿಗಿಂತ ಹೆಚ್ಚು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ ವಿಮಾನ ನಿಲ್ದಾಣವೇ ಇಲ್ಲ, ಇಲ್ಲದ ವಿಮಾನಕ್ಕೆ ಕಾಲವೆಲ್ಲಿಯದು? ಈ ಆಕ್ಷೇಪಕ್ಕೆ ರೈಲ್ವೆಯವರು ಎಂದೋ ಉತ್ತರ ಕೊಟ್ಟಿದ್ದಾರೆ. ಹೊಸದುರ್ಗ ರೋಡ್ ನಿಲ್ದಾಣದಲ್ಲಿಳಿದವರು ಹೊಸದುರ್ಗ ಪೇಟೆಗೆ ಇನ್ನೊಂದು ವಾಹನ ಹಿಡಿಯಬೇಕು. ಹಾಗೆಂದು ಆ ಊರಿಗೆ ರೈಲಿಲ್ಲ ಎಂದು ಯಾರೂ ಬೋರ್ಡು ಕಿತ್ತು ಹಾಕಿಲ್ಲ. ಇದೇ ನ್ಯಾಯದಿಂದ ದೇವನಹಳ್ಳಿಯನ್ನು ‘ಹಿರಿಯೂರು ರೋಡ್’ ವಿಮಾನ ನಿಲ್ದಾಣ ಎನ್ನಲು ಬೇಕಾದದ್ದು ಒಂದು ಡಬ್ಬ ಬಣ್ಣ ಮಾತ್ರ. ಚಿತ್ರದುರ್ಗ ಜಿಲ್ಲೆಗೆ ವಿಮಾನವೇ ಒಗ್ಗುವುದಿಲ್ಲ ಎಂಬ ಎರಡನೆಯ ಆಕ್ಷೇಪವಂತೂ ಶುದ್ಧ ಅಜ್ಞಾನ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿ.ಆರ್.ಡಿ.ಒ. ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತನ್ನಷ್ಟಕ್ಕೆ ತಾನೇ ದಾರಿ ನೋಡಿಕೊಂಡು ಅಲ್ಲಿನ ರನ್‌ವೇಯಲ್ಲಿ ಇಳಿಯಿತು. ಅಂದಮೇಲೆ ಬಾಹ್ಯಾಕಾಶದಿಂದ ಚಿತ್ರದುರ್ಗ ಜಿಲ್ಲೆಗೆ ಬರಲು ಶಾಸ್ತ್ರದ ಅಡ್ಡಿಯಿಲ್ಲ. ಒಳಗೆ ಮನುಷ್ಯರು ಕೂತಿರಬಾರದು, ಅಷ್ಟೆ.

ಬಸ್ಸೇ ಬೇಗ ಎಂಬ ಮೂರನೆಯ ವಾದವನ್ನು ವಿದ್ವತ್ ವಲಯ ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ, ಅದು ಬರೀ ನಿಜ. ಉಳಿದಿರುವುದು ಗಾಳಿಯ ತಿದ್ದುಪಡಿ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಪಡುವಣ ಗಾಳಿ ಗಂಟೆಗೆ 40 ಕಿ.ಮೀ. ಬೀಸಿತೆಂದು ಹಿಡಿದರೆ, ಹೊಳಲ್ಕೆರೆಯಿಂದ ಮರಳುವ ವಿಮಾನ ಸುಮಾರು 10 ಸೆಕೆಂಡು ಮೊದಲೇ ಹಿರಿಯೂರು ಮುಟ್ಟುತ್ತದೆ. ಈ ಉಳಿತಾಯವನ್ನು ಪ್ರಯಾಣಿಕನು ದೇವನಹಳ್ಳಿಯಲ್ಲಿ ಚೀಲಕ್ಕೆ ಕಾಯುತ್ತ ನಿಂತು ಉಪಯೋಗಿಸಿಕೊಳ್ಳಬಹುದು.