ತುರ್ತುಮೀಮಾಂಸೆ: ಗೋಗಿ ಸೀಮೆಯ ರೆಫರ್ ಪರಂಪರೆಯ ಶಾಸ್ತ್ರೀಯ ವಿವೇಚನೆ

ತುರ್ತು ಚಿಕಿತ್ಸೆ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದು ಬೆಂಗಳೂರು ಪಂಥದ ಮತ. ಅದು ನಡೆಯುವುದು ರಸ್ತೆಯ ಮೇಲೆ, ಅಡತಿ ಅಂಗಡಿಯ ಕಟ್ಟೆಯ ಮೇಲೆ ಮತ್ತು ಕ್ಯಾಶ್ ಕೌಂಟರಿನ ಸಾಲಿನಲ್ಲಿ ಎಂಬುದು ಗೋಗಿ ಪಂಥದ ಸಿದ್ಧಾಂತ. ಶಹಾಪುರ ತಾಲ್ಲೂಕಿನ ಈ ಊರನ್ನು ಪುರಾತತ್ವದವರು ಸುಲ್ತಾನರ ಗೋರಿಗಳಿಗಾಗಿ ಬಲ್ಲರು, ಅಣುಶಕ್ತಿಯವರು ನೆಲದೊಳಗಿನ ಯುರೇನಿಯಂಗಾಗಿ ಬಲ್ಲರು. ತುರ್ತುಶಾಸ್ತ್ರದ ಆದ್ಯಪೀಠವೆಂದು ಗುರುತಿಸಿದವರು ಮಾತ್ರ ಇಲ್ಲ. ಆ ಲೋಪವನ್ನು ತುಂಬಲು ಈ ಪ್ರಬಂಧ. ಆಕರಗಳು ಮೂರು: ಹಳೆಯ ಕಾಲಕ್ಕೆ ಇತಿಹಾಸಕಾರ ಫೆರಿಷ್ಟಾ, ಈಗಿನ ಕಾಲಕ್ಕೆ ಸರ್ಕಾರಿ ಆದೇಶಗಳು, ಎರಡೂ ಕಾಲಕ್ಕೆ ಆಂಬ್ಯುಲೆನ್ಸ್ ಚಾಲಕರ ಬಾಯಿಮಾತು. ಮೂರನೆಯದೇ ಹೆಚ್ಚು ನಂಬಿಕಸ್ಥ.

ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಸುಲ್ತಾನರು ರಾಜಧಾನಿಯಲ್ಲಿ ಮಣ್ಣಾಗಲಿಲ್ಲ. ಸೂಫಿ ಸಂತ ಚಂದಾ ಹುಸೇನಿಯವರ ನೆರಳು ಬೇಡಿ ಗೋಗಿಗೆ ಬಂದರು. ಮೂಲಪುರುಷ ಯೂಸುಫ್ 1510ರಲ್ಲಿ ಜಲೋದರದಿಂದ ತೀರಿಕೊಂಡು ಬಂದ; ಶಾಸ್ತ್ರದೃಷ್ಟಿಯಿಂದ ಅವನದು ಸಾಧಾರಣ ಪ್ರಕರಣ. ಮಗ ಇಸ್ಮಾಯಿಲನದು ಹಾಗಲ್ಲ. 1534ರಲ್ಲಿ ಕೋಯಿಲಕೊಂಡ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾಗ ಅವನಿಗೆ ಜ್ವರ ಹತ್ತಿತು. ಹವಾ ಬದಲಾದರೆ ಗುಣವಾದೀತೆಂದು ಕಲಬುರಗಿಗೆ ಹೊರಡಲು ಪಲ್ಲಕ್ಕಿ ಸಿದ್ಧವಾಯಿತು. ಕಲಬುರಗಿ ಮುಟ್ಟುವ ಮೊದಲೇ ಸುಲ್ತಾನ ತೀರಿಕೊಂಡ. ಸೈನ್ಯ ಗಾಬರಿಯಾಗದಿರಲೆಂದು ಸುದ್ದಿಯನ್ನು ಮುಚ್ಚಿಟ್ಟು, ಪಲ್ಲಕ್ಕಿಯನ್ನೂ ಮುಚ್ಚಿ ಗೋಗಿಗೆ ಸಾಗಿಸಿದರು.

‘ಸೀರಿಯಸ್ ಅದ, ಕಲಬುರಗಿಗಿ ಒಯ್ರಿ’ ಎಂಬ ಮಹಾವಾಕ್ಯಕ್ಕೆ ಈ ಸೀಮೆಯಲ್ಲಿ ಸಿಗುವ ಅತ್ಯಂತ ಹಳೆಯ ನಿದರ್ಶನ ಇದೇ ಎಂದು ಪ್ರಸ್ತುತ ಲೇಖಕನ ವಾದ. ರೋಗಿ ಸ್ವತಃ ಸುಲ್ತಾನ, ವಾಹನ ಸ್ವಂತದ್ದು, ಅಡ್ವಾನ್ಸ್ ಕೇಳುವ ಧೈರ್ಯ ಯಾರಿಗೂ ಇಲ್ಲ, ದಾರಿಯಲ್ಲಿ ರೈಲ್ವೆ ಗೇಟೂ ಇಲ್ಲ. ಆದರೂ ಮುಟ್ಟಲಿಲ್ಲ. ಹೀಗಿರುವಾಗ ಎರಡೆಕರೆ ಹತ್ತಿ ಹಾಕಿದವನು ಮುಟ್ಟಬೇಕೆಂದು ಹಟ ಹಿಡಿಯುವುದು ಇತಿಹಾಸಪ್ರಜ್ಞೆಯ ಕೊರತೆ.

ಇಸ್ಮಾಯಿಲನ ಮಗ ಮೊದಲನೆಯ ಇಬ್ರಾಹಿಂ ಇನ್ನೂ ಮುಖ್ಯ. ಅವನು 1558ರಲ್ಲಿ ಸತ್ತ. ಕೊನೆಯ ಕಾಯಿಲೆಯಲ್ಲಿ ತನ್ನನ್ನು ಗುಣಪಡಿಸಲಾಗದ ಹಕೀಮರಲ್ಲಿ ಕೆಲವರ ತಲೆ ತೆಗೆಸಿದ, ಕೆಲವರನ್ನು ಆನೆಯ ಕಾಲಿಗೆ ಹಾಕಿಸಿದ. ಉಳಿದವರು ಗಡಿ ದಾಟಿ ಓಡಿಹೋದರು ಎಂದು ಫೆರಿಷ್ಟಾ ಬರೆಯುತ್ತಾನೆ. ಆ ಇಬ್ರಾಹಿಂ ಮಲಗಿರುವುದೂ ಗೋಗಿಯಲ್ಲೇ. ಈ ಭಾಗದಲ್ಲಿ ವೈದ್ಯರ ಹುದ್ದೆ ಖಾಲಿ ಬೀಳುವ ಪದ್ಧತಿಯ ಪ್ರವರ್ತಕನೆಂದು ಅವನನ್ನು ಗೌರವಿಸಬೇಕು. ಅವನು ಖಾಲಿ ಮಾಡಿಸಿದ ಹುದ್ದೆಗಳು ಇನ್ನೂ ಭರ್ತಿಯಾಗಿಲ್ಲ ಎಂದು ಒಂದು ಮತ. ಭರ್ತಿಯಾಗಿವೆ, ನಿಯೋಜನೆಯ ಮೇಲೆ ಬೆಂಗಳೂರಿಗೆ ಹೋಗಿವೆ ಎಂದು ಪಾಠಾಂತರ.

ಇಬ್ರಾಹಿಮನ ಚಿಕಿತ್ಸಾಕ್ರಮ ಅಳಿದಿಲ್ಲ. ಆನೆ ಈಗ ದುಬಾರಿಯಾದ್ದರಿಂದ ಪ್ಲಾಸ್ಟಿಕ್ ಕುರ್ಚಿ, ಕಿಟಕಿಯ ಗಾಜು ಮತ್ತು ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಕ್ಕ ಕಿರಿಯ ಡಾಕ್ಟರರ ಅಂಗಿಯ ಕಾಲರು ಸಾಕಾಗುತ್ತವೆ. ಇದನ್ನು ತಡೆಯಲು ಕರ್ನಾಟಕ 2009ರಲ್ಲೇ ಕಾನೂನು ಮಾಡಿತು. ಫಲಶ್ರುತಿ ಮಾತ್ರ 1558ರದೇ: ಉಳಿದವರು ಗಡಿ ದಾಟುತ್ತಾರೆ. ಗ್ರಾಮೀಣ ಸೇವೆ ಮುಗಿದ ಮರುದಿನವೇ ದಾಟುತ್ತಾರೆ. ಕಾಲರು ಹಿಡಿದವನ ಸಿಟ್ಟು ಸುಳ್ಳಲ್ಲ. ಹಿಡಿಯಬೇಕಾದ ಕಾಲರು ಅಲ್ಲಿರಲಿಲ್ಲ, ಅಷ್ಟೇ. (ಈ ವಾಕ್ಯ ಶಾಸ್ತ್ರಗ್ರಂಥಕ್ಕೆ ತಕ್ಕುದಲ್ಲ. ಇರಲಿ.)

ಈಗ ಸೂತ್ರಭಾಗ. ಮೊದಲ ಸೂತ್ರ: *ರೋಗಿಯು ಯಾವಾಗಲೂ ಮುಂದಿನ ಊರಿನವನು.* ವ್ಯಾಖ್ಯಾನ ಹೀಗೆ. ಗೋಗಿಯವನು ಶಹಾಪುರದ ರೋಗಿ. ಶಹಾಪುರ ಮುಟ್ಟಿದ ಕೂಡಲೇ ಅವನು ಯಾದಗಿರಿಯ ಅಥವಾ ಕಲಬುರಗಿಯ ರೋಗಿ. ಜೇವರ್ಗಿ ದಾಟಿ, ಕಟ್ಟಿಸಂಗಾವಿಯಲ್ಲಿ ಭೀಮೆ ದಾಟಿ, ಕಲಬುರಗಿ ಮುಟ್ಟಿ ಹಾಸಿಗೆ ಸಿಗದಿದ್ದರೆ ಅವನು ಹೈದರಾಬಾದಿನ ಅಥವಾ ಸೊಲ್ಲಾಪುರದ ರೋಗಿ. ಹೈದರಾಬಾದ್ ಪಂಥದವರು ಹೊಲ ಮಾರುತ್ತಾರೆ, ಸೊಲ್ಲಾಪುರ ಪಂಥದವರು ಹೊಲ ಒತ್ತೆಯಿಡುತ್ತಾರೆ; ಮಿಕ್ಕಂತೆ ಆಚರಣೆ ಒಂದೇ. ಯಾವ ಊರೂ ಅವನನ್ನು ತನ್ನವನೆಂದು ಒಪ್ಪುವುದಿಲ್ಲ. ಶಹಾಪುರದ ಹೊರಗೆ ಬೆಟ್ಟವೊಂದು ಮಲಗಿದ ಬುದ್ಧನಂತೆ ಕಾಣುತ್ತದೆ, ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಇಡೀ ತಾಲ್ಲೂಕಿನಲ್ಲಿ ಯಾರೂ ರೆಫರ್ ಮಾಡದೆ ಮಲಗಲು ಬಿಟ್ಟದ್ದು ಅವನೊಬ್ಬನನ್ನೇ.

ಹಳ್ಳಿಯಿಂದ ಮೊದಲ ಮೆಟ್ಟಿಲಿಗೆ ಒಯ್ಯಲು 108 ಉಂಟು. ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಹೊರಟ ಸೇವೆ. ಎಷ್ಟೋ ಜೀವ ಉಳಿಸಿದೆ. ಎಷ್ಟೋ ಮಕ್ಕಳು ಅದರೊಳಗೇ ಹುಟ್ಟಿವೆ. ಆದರೆ 2022ರ ಸೆಪ್ಟೆಂಬರಿನಲ್ಲಿ ಕರೆ ಸ್ವೀಕರಿಸುವ ಕೇಂದ್ರದ ಮದರ್‌ಬೋರ್ಡ್ ಕೆಟ್ಟು ರಾಜ್ಯವಿಡೀ ಕರೆಗಳು ತಡವರಿಸಿದಾಗ ಒಂದು ತತ್ವ ಸ್ಪಷ್ಟವಾಯಿತು: ತುರ್ತು ಸೇವೆಗೂ ತುರ್ತು ಬರಬಹುದು, ಆಗ ಅದೂ ಕಾಯಬೇಕು. ಸಮಾನತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎರಡನೆಯ ಸೂತ್ರ: *ರೋಗಕ್ಕೆ ಮೊದಲು ಸಂಖ್ಯೆ, ಆಮೇಲೆ ಮದ್ದು.* ಬಡವರ ದೊಡ್ಡ ಕಾಯಿಲೆಗಳಿಗೆಂದು ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಬಂದದ್ದು ನಮ್ಮ ಕಲಬುರಗಿ ವಿಭಾಗಕ್ಕೇ. ಪ್ರಯೋಗಕ್ಕೆ ನಾವು ಸದಾ ಮುಂದು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಆಗ ಮನುಷ್ಯನ ಸಂಕಟಗಳೆಲ್ಲ 1,650 ಚಿಕಿತ್ಸಾ ವಿಧಾನಗಳಾಗಿ ಪಟ್ಟಿಯಾದವು. ಅವುಗಳಲ್ಲಿ ತುರ್ತಿನವು 169. ಈ 169ರಲ್ಲಿ ಒಂದಾದರೆ ರೋಗಿ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಲ್ಲವಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದ್ದರಿಂದ ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡು ಎದ್ದವನು ಮೊದಲು ಮಾಡಬೇಕಾದ್ದು ತನ್ನ ನೋವು ಯಾವ ಪಟ್ಟಿಯಲ್ಲಿದೆ ಎಂಬ ನಿರ್ಣಯ. ಹೆಂಡತಿ ಬೆವರು ಒರೆಸಬಹುದು. ವರ್ಗೀಕರಣ ಅವನೇ ಮಾಡಿಕೊಳ್ಳಬೇಕು.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ. ಮಿಕ್ಕ ಶೇ 70 ಅವರ ಸ್ವಂತ ಆಘಾತ. ಇದಕ್ಕೊಂದು ನಿದರ್ಶನ ಕೊಡದಿದ್ದರೆ ಪ್ರಬಂಧ ಅಪೂರ್ಣ. ಹತ್ತಿ ಬಿಡಿಸುವಾಗ ಹಾವು ಕಚ್ಚುತ್ತದೆ. ಜನ ಅದನ್ನು ಬಡಿದು ಕೊಂದು ಚೀಲದಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಬರುತ್ತಾರೆ, ಸಾಕ್ಷಿ ಇರಲೆಂದು. ಆದರೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷ. ಹೀಗಾಗಿ ಕೌಂಟರಿನಲ್ಲಿ ಹಾವಿನ ಜಾತಿ ಯಾರೂ ಕೇಳುವುದಿಲ್ಲ, ರೇಷನ್ ಕಾರ್ಡಿನ ಜಾತಿ ಕೇಳುತ್ತಾರೆ. ಹಾವನ್ನು ತಂದವರು ಕಾರ್ಡನ್ನು ಮನೆಯಲ್ಲಿ ಬಿಟ್ಟಿರುತ್ತಾರೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಇನ್ನು ಕಚ್ಚಿದ್ದನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಹಾವಿಗೆ ತಿಳಿಸುವ ವ್ಯವಸ್ಥೆ ಇನ್ನೂ ಆಗಬೇಕು.

ಪೂರ್ವಪಕ್ಷಿ ಕೇಳುತ್ತಾನೆ: ಕಾನೂನು ಇಲ್ಲವೇ? ಬೇಕಾದಷ್ಟಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ವೈದ್ಯನೂ ಅಪಾಯದಲ್ಲಿರುವವನಿಗೆ ಮೊದಲು ಚಿಕಿತ್ಸೆ ಕೊಡಬೇಕು, ಪೊಲೀಸ್ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕೂಲಿಕಾರನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಎಂದವು. ಕೊನೆಗೆ ಖಾಸಗಿಯಲ್ಲಿ ಸುಮಾರು 17,000 ರೂಪಾಯಿ ಸುರಿದ. 1996ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿ, ಸಕಾಲದ ಚಿಕಿತ್ಸೆ ಬದುಕುವ ಹಕ್ಕಿನ ಭಾಗವೆಂದಿತು. ಲೇಖಕನಿಗೆ ಕಂಡಂತೆ ಆಸ್ಪತ್ರೆ ಖರ್ಚಿನಲ್ಲಿ ರೋಗಿಗೇ ನಿವ್ವಳ ಉಳಿತಾಯವಾದದ್ದು ಇದೊಂದೇ. ಷರತ್ತು ಎರಡು: ನಾಲ್ಕು ವರ್ಷ ಬದುಕಿರಬೇಕು, ಪರವಾಗಿ ಒಂದು ಸಂಘಟನೆ ದೆಹಲಿಯವರೆಗೆ ಹೋಗಬೇಕು.

ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರ ಮುಷ್ಕರದ ನಡುವೆ ತಿದ್ದುಪಡಿಯಾಗಿ, ತುರ್ತಿನಲ್ಲಿ ಮುಂಗಡ ಕೇಳಕೂಡದು ಎಂದು ಬಂತು. ಅದನ್ನು ಯಾರೂ ಮುರಿಯುವುದಿಲ್ಲ. ತುರ್ತನ್ನೇ ಬೇಗ ಮುಗಿಸುತ್ತಾರೆ. ಮೂಗಿಗೆ ಆಮ್ಲಜನಕ ಇಟ್ಟು, ಸಹಿ ಹಾಕಿಸಿ, ‘ಪೇಷಂಟ್ ಈಗ ಸ್ಟೇಬಲ್ ಅದಾನ್ರೀ, ಐವತ್ತು ಸಾವಿರ ಕಟ್ರಿ’ ಎನ್ನುತ್ತಾರೆ. ‘ಸ್ಟೇಬಲ್ ಇದ್ರ ಮನಿಗಿ ಒಯ್ತೀವ್ರೀ’ ಎಂದರೆ, ‘ಏನ್ ಮಾತಾಡ್ತೀರಿ, ಐಸಿಯುದಾಗ ಇಡಬೇಕು, ಭಾಳ ಸೀರಿಯಸ್ ಅದ.’ ಒಂದೇ ದೇಹ ಒಂದೇ ನಿಮಿಷದಲ್ಲಿ ರೊಕ್ಕ ಕೇಳುವಷ್ಟು ಸ್ಥಿರ, ಐಸಿಯುಗೆ ಹಾಕುವಷ್ಟು ಅಸ್ಥಿರ. ಇದನ್ನು ಶಾಸ್ತ್ರದಲ್ಲಿ ಉಭಯಸ್ಥಿತಿ ವಾದ ಎನ್ನಬಹುದು. ಮಹಾ ಮಹಾ ದ್ವೈತಿಗಳಿಗೂ ಅದ್ವೈತಿಗಳಿಗೂ ಹೊಳೆಯದಿದ್ದದ್ದು ಕೌಂಟರಿನ ಹುಡುಗನಿಗೆ ಹೊಳೆದಿದೆ.

ಆ ಐವತ್ತು ಸಾವಿರ ಎಲ್ಲಿಂದ ಬರುತ್ತದೆ? ಪ್ರಬಂಧದ ತಿರುಳು ಇಲ್ಲಿದೆ. ಗಾಡಿ ಹೊರಡುವ ಮುಂಚೆ ಅಥವಾ ಹೊರಟ ಮೇಲೆ, ರಾತ್ರಿಯಾದರೂ, ಮನೆಯ ಒಬ್ಬ ಗಂಡಾಳು ಬೈಕ್ ಹತ್ತಿ ಅಡತಿಯವರ ಮನೆಗೆ ಹೋಗುತ್ತಾನೆ. ತೊಗರಿ, ಹತ್ತಿ, ಮೆಣಸಿನಕಾಯಿ ಪ್ರತಿವರ್ಷ ತೂಗುವುದು ಅವರ ಅಂಗಡಿಯಲ್ಲೇ. ಅಡತಿ ಬಾಗಿಲು ತೆರೆಯುತ್ತಾನೆ. ಯಾವ ರೋಗ, ಯಾವ ಕೋಡ್, ಯಾವ ಕಾರ್ಡ್ ಎಂದು ಕೇಳುವುದಿಲ್ಲ. ‘ಎಷ್ಟು ಬೇಕು?’ ಎಂದಷ್ಟೇ ಕೇಳುತ್ತಾನೆ. ರೆಫರಲ್ ಚೀಟಿ ಬೇಡ, ಪೂರ್ವಾನುಮತಿ ಬೇಡ, ಸರ್ವರ್ ಡೌನ್ ಆಗುವುದಿಲ್ಲ. ಎಣಿಸಿ ಕೊಟ್ಟು ಕೆಂಪು ಬಟ್ಟೆಯ ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಬಡ್ಡಿ ಎಷ್ಟೆಂದು ಆ ಹೊತ್ತಿನಲ್ಲಿ ಇವನೂ ಕೇಳುವುದಿಲ್ಲ. ಮುಂದೆ ಸುಗ್ಗಿಯಲ್ಲಿ ಧಾರಣಿ ಏರಿದರೂ ಇಳಿದರೂ ಮಾಲು ಅದೇ ಅಂಗಡಿಗೇ ಬೀಳಬೇಕು, ಅವನು ಹೇಳಿದ ದರಕ್ಕೇ. ಅಪ್ಪನ ಎದೆಯಲ್ಲಿ ಸ್ಟೆಂಟ್ ಕೂತದ್ದು ಒಂದು ಸಲ. ಅದರ ಕಂತು ತೊಗರಿಯ ಚೀಲದಲ್ಲಿ ವರ್ಷ ವರ್ಷ ಹೋಗುತ್ತದೆ. ಈ ಸೀಮೆಯ ನಿಜವಾದ ಆರೋಗ್ಯ ವಿಮಾ ಸಂಸ್ಥೆ ಅಡತಿ ಅಂಗಡಿ. ಪ್ರೀಮಿಯಂ ಕಾಯಿಲೆಯ ನಂತರ ಕಟ್ಟಬೇಕು ಎಂಬುದಷ್ಟೇ ಅದರ ವಿಶೇಷ. ಸರ್ಕಾರ ಇದನ್ನು ನೋಂದಾಯಿಸದಿರುವುದು ಆಶ್ಚರ್ಯ.

ಹಾಗೆ ತಂದ ಹಣ ಹೋಗಿ ಸೇರುವ ಗ್ರಂಥವೇ ಬಿಲ್ಲು. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದರಲ್ಲಿ ಪ್ರಕ್ಷಿಪ್ತ ಭಾಗಗಳು ಹೇರಳ: ಕೈಗವಸು ಪುನಃಪುನಃ ಬರುತ್ತದೆ, ನೋಡಲು ಬಾರದ ಡಾಕ್ಟರರ ಭೇಟಿ ದಿನಕ್ಕೆರಡು ಸಲ ಬರುತ್ತದೆ. 2018ರಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಲೆಕ್ಕ ತೆಗೆದಾಗ, 5 ರೂಪಾಯಿ 77 ಪೈಸೆಗೆ ಕೊಂಡ ಒಂದು ಸ್ಟಾಪ್‌ಕಾಕ್ ರೋಗಿಗೆ 106 ರೂಪಾಯಿಗೆ ಬಿದ್ದಿತ್ತು. ಲಾಭ ಶೇ 1,737. ಸಲೈನ್ ನಳಿಗೆ ಹಾಕುವ ಪ್ಲಾಸ್ಟಿಕ್ ತಿರುಪು ಅದು. ದ್ರವ ಹರಿಯುವ ದಿಕ್ಕು ಬದಲಿಸುವುದು ಅದರ ಕೆಲಸ. 2022ರ ಜುಲೈಯಿಂದ ದಿನಕ್ಕೆ 5,000 ರೂಪಾಯಿ ಮೀರಿದ ಆಸ್ಪತ್ರೆ ಕೋಣೆಗೆ ಶೇ 5 ಜಿಎಸ್‌ಟಿ. ಐಸಿಯುಗೆ ವಿನಾಯಿತಿ. ತೆರಿಗೆ ಉಳಿಸಬೇಕೆನ್ನುವವರು ಸೀರಿಯಸ್ ಆಗಬಹುದು.

ಶಾಸ್ತ್ರಕ್ಕೆ ವಿರುದ್ಧವಾದ ಕೆಲವು ಬೆಳವಣಿಗೆಗಳನ್ನೂ ದಾಖಲಿಸದೆ ವಿಧಿಯಿಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ತೆರೆಯಿತು. ಹಾಸಿಗೆ 371. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಸೀಮೆಯಲ್ಲಿ ಹಾಸಿಗೆಯನ್ನು ರೋಗಿಗಳ ಲೆಕ್ಕದಲ್ಲಲ್ಲ, ವಿಧಿಯ ಲೆಕ್ಕದಲ್ಲಿ ಹಾಕುವುದು ಸರಿಯಾದ ಕ್ರಮವೇ. ಆ ವಿಧಿಗೆ ಇನ್ನೂ ದೊಡ್ಡ ಸಂಖ್ಯೆ ಕೊಡಬಹುದಿತ್ತು ಎಂಬ ಹಳಹಳಿ ಮಾತ್ರ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಅಪಚಾರ 2023ರ ನವೆಂಬರಿನಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಬಿಟ್ಟಿಯಾಗಿ ಕೊಡುವುದಂತೆ. ರೋಗಿಯನ್ನು ಮದ್ದಿನ ಕಡೆ ಸಾಗಿಸುವುದು ಬಿಟ್ಟು ಮದ್ದನ್ನೇ ರೋಗಿಯ ಕಡೆ ತರುವುದು! ಇಸ್ಮಾಯಿಲನ ಕಾಲದಿಂದ ನಡೆದುಬಂದ ಪರಂಪರೆಯನ್ನು ಹೀಗೆ ಬುಡಮೇಲು ಮಾಡಿದರೆ ರಸ್ತೆಯನ್ನೇ ನಂಬಿದ ನಮ್ಮ ಪಂಥದ ಗತಿಯೇನು? ಮದ್ದು ಮಾತ್ರವಲ್ಲ, ರಾತ್ರಿ ಎರಡಕ್ಕೆ ಅದನ್ನು ಚುಚ್ಚುವವರೂ ಅಲ್ಲೇ ಇರಬೇಕು ಎಂಬ ಅಂಶವೊಂದೇ ನಮಗೆ ಉಳಿದ ಆಸರೆ.

ಕೊನೆಗೆ, ಪಂಡಿತರಲ್ಲಿ ಇನ್ನೂ ಬಗೆಹರಿಯದ ಒಂದು ವಿವಾದ. 108 ಸಿಗದೆ ಖಾಸಗಿ ಗಾಡಿ ಮಾಡಿದರೆ ಹೋಗುವ ಬಾಡಿಗೆಯ ಜೊತೆ ಬರುವ ಬಾಡಿಗೆಯನ್ನೂ ಕೊಡಬೇಕು. ‘ಪೇಷಂಟ್ ಅಲ್ಲೇ ಇರ್ತಾನಲ್ಲಪಾ, ವಾಪಸ್ ಬರೋದಕ್ಕ ನಾವ್ಯಾಕ ಕೊಡಬೇಕು?’ ಎಂದರೆ ಚಾಲಕ ಹೇಳುತ್ತಾನೆ: ‘ಗಾಡಿ ಖಾಲಿ ಬರ್ತದಲ್ರೀ.’ ನ್ಯಾಯವಾದ ಮಾತು. ಡೀಸೆಲ್ ಅವನಿಗೂ ಬಿಟ್ಟಿ ಬರುವುದಿಲ್ಲ. ಆದರೆ ಅದೇ ರಾತ್ರಿ ಎಲ್ಲ ಮುಗಿದು, 2017ರ ತಿದ್ದುಪಡಿಯ ಪ್ರಕಾರ ಬಾಕಿ ಬಿಲ್ಲಿಗಾಗಿ ಶವ ತಡೆಹಿಡಿಯಬಾರದು ಎಂದು ಯಾರೋ ಗಟ್ಟಿ ದನಿಯಲ್ಲಿ ಹೇಳಿ, ಹೇಗೋ ಬಿಡಿಸಿಕೊಂಡು ಅದೇ ಗಾಡಿಯ ಹತ್ತಿರ ಬಂದಾಗ ಗಾಡಿ ಖಾಲಿ ಹೋಗುವುದಿಲ್ಲವಲ್ಲ, ಬರುವ ಬಾಡಿಗೆ ಮೊದಲೇ ಕೊಟ್ಟಾಗಿದೆಯಲ್ಲ? ‘ಅದು ಖಾಲಿ ಬರೂ ರೇಟ್ ರೀ,’ ಎನ್ನುತ್ತಾನೆ ಚಾಲಕ, ‘ಬಾಡಿ ಇದ್ರ ಬ್ಯಾರೆ.’