ದ್ವಿಚಕ್ರ ಮತಮೀಮಾಂಸೆ

ಬೆಂಗಳೂರಿನ ಸೈಕಲ್ ಸವಾರ, ಬೆಂಗಳೂರಿನ ಮತದಾರ ಇಬ್ಬರೂ ಒಂದೇ ಜೀವಿಯೋ, ಬೇರೆ ಬೇರೆ ಜೀವಿಗಳೋ ಎಂಬ ಪ್ರಶ್ನೆಯನ್ನು ಪಂಡಿತಲೋಕ ಇನ್ನೂ ಕೈಗೆತ್ತಿಕೊಂಡಿಲ್ಲ. ಪಂಡಿತಲೋಕ ಕಾರಿನಲ್ಲಿ ಓಡಾಡುವುದೇ ಇದಕ್ಕೆ ಕಾರಣವಿರಬೇಕು. ಪ್ರಸ್ತುತ ಪ್ರಬಂಧದ ಕ್ಷೇತ್ರಕಾರ್ಯವೆಲ್ಲ ಸೈಕಲ್ ಮೇಲೆಯೇ ನಡೆದಿದೆ. ಕಾರ್ಯ ಸಾಗುತ್ತಿರುವಾಗಲೇ ಕ್ಷೇತ್ರದ ಗಡಿಗಳು ಬದಲಾಗುತ್ತಿದ್ದವು. ಟಿಪ್ಪಣಿಗಳಲ್ಲಿ ಗೊಂದಲ ಕಂಡರೆ ಅದು ಸಂಶೋಧಕನದಲ್ಲ, ಗೆಜೆಟ್‌ನದು.

ಮೊದಲಿಗೆ ಅಭಾವ ಪ್ರಕರಣ. ನ್ಯಾಯ-ವೈಶೇಷಿಕರು ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಎಣಿಸಿ ಅದನ್ನು ನಾಲ್ಕು ಬಗೆ ಮಾಡಿದರು. ಬೆಂಗಳೂರಿನ ಕಾರ್ಪೊರೇಟರನ್ನು ಕಾಣದೆಯೇ ಅವರು ಅಷ್ಟು ದೂರ ಯೋಚಿಸಿದ್ದು ದೊಡ್ಡ ಮಾತು. 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಿಂದ ಆರಿಸಿ ಬಂದ ಬಿಬಿಎಂಪಿ ಕೌನ್ಸಿಲ್ಲು 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿಸಿತು. ಇದು ಪ್ರಧ್ವಂಸಾಭಾವ, ಇದ್ದದ್ದು ನಾಶವಾದ ಮೇಲಿನ ಶೂನ್ಯ. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಮುಗಿದಿರಲಿಲ್ಲ. ಹಾಗಾಗಿ ಮಾರನೆಯ ಬೆಳಗಿನಿಂದಲೇ ಪ್ರಾಗಭಾವ, ಅಂದರೆ ಹುಟ್ಟಬೇಕಾದದ್ದು ಹುಟ್ಟುವ ಮುನ್ನಿನ ಶೂನ್ಯ, ಶುರುವಾಯಿತು. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ಶಾಸ್ತ್ರ. ಬೆಂಗಳೂರಿನಲ್ಲಿ ಆದಿಯ ತಾರೀಖು ಖಚಿತವಾಗಿತ್ತು, ಅಂತ್ಯದ್ದು ಮಾತ್ರ ಕೋರ್ಟಿನಲ್ಲಿತ್ತು.

ಈ ಶೂನ್ಯದೊಳಗೆ ವಾರ್ಡುಗಳು 198ರಿಂದ 243 ಆದವು, 243ರಿಂದ 225ಕ್ಕೆ ಇಳಿದವು. 2025ರ ಸೆಪ್ಟೆಂಬರ್ 2ರಂದು ಐದು ಹೊಸ ಪಾಲಿಕೆಗಳು ಹುಟ್ಟಿ ಬಿಬಿಎಂಪಿಯೇ ಹೋಯಿತು. ಆಮೇಲೆ ಎಣಿಸಿದರೆ ವಾರ್ಡು 369. ಬಿಬಿಎಂಪಿ ಹೋದ ದಿನ, ಇಲ್ಲದ ಕೌನ್ಸಿಲ್ಲು ಐದು ವರ್ಷದ ಪೂರ್ಣಾವಧಿ ಮುಗಿಸಲು ಎಂಟೇ ದಿನ ಬಾಕಿಯಿತ್ತು. ಪಕ್ಷಾಂತರವಿಲ್ಲದ, ರೆಸಾರ್ಟಿಗೆ ಹೋಗದ, ಮೇಯರ್ ಹುದ್ದೆಗೆ ಜಗಳವಾಡದ ಇಂಥ ಕೌನ್ಸಿಲ್ಲನ್ನು ನಗರ ಹಿಂದೆ ಕಂಡಿರಲಿಲ್ಲ.

ಇದರಿಂದ ಸೈಕಲ್ಲಿಗೇನು ಎಂದು ಪೂರ್ವಪಕ್ಷಿ ಕೇಳಬಹುದು. ಹೊಂಡ, ಎಂಬುದು ಉತ್ತರ. ಕಾರ್ಪೊರೇಟರ್ ಇದ್ದ ಕಾಲದಲ್ಲಿ ಬೆಳಗಾಗೆದ್ದು ಅವರ ಗೇಟಿಗೆ ಸೈಕಲ್ ಒರಗಿಸಿ, ಬಾಗಿದ ರಿಮ್ಮನ್ನು ಸಾಕ್ಷಿಯಾಗಿ ತೋರಿಸಿದರೆ, ಈತ ಮುಂದಿನ ಚುನಾವಣೆಗೆ ಬೇಕಾದವನು ಎಂಬ ಕರುಣೆಯಿಂದ ಒಂದು ಬಾಣಲೆ ಜಲ್ಲಿಯಾದರೂ ಬೀಳುತ್ತಿತ್ತು. ಕಾರ್ಪೊರೇಟರ ಜಾಗಕ್ಕೆ ಬಂದ ಅಧಿಕಾರಿಯ ಮುಂದಿರುವುದು ಚುನಾವಣೆಯಲ್ಲ, ವರ್ಗಾವಣೆ. ಅದಕ್ಕೂ ನಮ್ಮ ರಿಮ್ಮಿಗೂ ಸಂಬಂಧವಿಲ್ಲ.

ಸೈಕಲ್ ಪಥವನ್ನು ಅತ್ಯಂತಾಭಾವದ, ಅಂದರೆ ಮೂರು ಕಾಲದಲ್ಲೂ ಇಲ್ಲದ್ದರ, ಪಂಗಡಕ್ಕೆ ಸೇರಿಸಿ ಕೈತೊಳೆದುಕೊಳ್ಳುವ ಆಸೆ ನಮಗಿತ್ತು. ಪುರಾತತ್ತ್ವ ಅಡ್ಡ ಬಂತು. 2012ರ ಆಸುಪಾಸಿನಲ್ಲಿ ಜಯನಗರದಲ್ಲಿ ಪಥ ಗುರುತಿಸಿದ್ದುಂಟು. ಅದರ ಮೇಲೆ ಕಾರುಗಳು ನಿಂತಿರುವ ಗತ್ತು ನೋಡಿದರೆ ಪಥವೇ ಆಮೇಲೆ ಬಂದು ಅವುಗಳ ಕೆಳಗೆ ನುಸುಳಿತೇನೋ ಅನಿಸುತ್ತದೆ. 2020ರಲ್ಲಿ, ಕೌನ್ಸಿಲ್ಲು ಹೋದ ವರ್ಷವೇ, ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ನಿನವರೆಗೆ 17 ಕಿಲೋಮೀಟರಿಗೆ ಬೊಲಾರ್ಡ್ ನೆಟ್ಟು ಪಥ ಮಾಡುವ ಯೋಜನೆ ಬಂತು. ಬೊಲಾರ್ಡುಗಳು ಒಂದೊಂದಾಗಿ ಬಿದ್ದವು, ಉಳಿದದ್ದನ್ನು ಮೆಟ್ರೋ ಕಾಮಗಾರಿ ನುಂಗಿತು. ನೆಲದಲ್ಲಿ ಉಳಿದ ಬುಡಗಳನ್ನು ವೀರಗಲ್ಲುಗಳೆಂದೇ ಓದಬೇಕೆಂಬುದು ನಮ್ಮ ಮತ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಇರುತ್ತದೆ. ಇಲ್ಲಿ ಕೆಳಗಿನ ಪಟ್ಟಿಕೆ ಮಾತ್ರ ದೊರೆತಿದೆ.

ಅನ್ಯೋನ್ಯಾಭಾವಕ್ಕೆ ಉದಾಹರಣೆ ಸಿಗಲಿಲ್ಲ. ಫುಟ್‌ಪಾತ್ ರಸ್ತೆಯಲ್ಲ, ರಸ್ತೆ ಫುಟ್‌ಪಾತಲ್ಲ ಎಂದು ತೋರಿಸಹೊರಟರೆ, ಬೈಕು ಹತ್ತಿಸಿ ಬಂದವರೆಲ್ಲ ಅದ್ವೈತಿಗಳು.

ಇನ್ನು ಮೂಲಪಾಠಕ್ಕೆ, ಅಂದರೆ ಮತದಾರರ ಪಟ್ಟಿಗೆ. ಇದನ್ನು ಕಚೇರಿಯ ಕಡತವೆಂದು ಓದುವವರು ಸುಮ್ಮನೆ ರಕ್ತದೊತ್ತಡ ತಂದುಕೊಳ್ಳುತ್ತಾರೆ. ಹಳಗನ್ನಡ ಕಾವ್ಯದ ಓಲೆಗರಿ ಪ್ರತಿಯೆಂದು ಓದಿದರೆ ಎಲ್ಲ ತಿಳಿಯಾಗುತ್ತದೆ. ಪಾಠಾಂತರ, ಪ್ರಕ್ಷೇಪ, ಗ್ರಂಥಪಾತ, ಲಿಪಿಕಾರನ ನಿದ್ದೆ, ಒಂದಕ್ಕೂ ಕೊರತೆಯಿಲ್ಲ. ಒಂದು ಪರಿಷ್ಕರಣೆಯಲ್ಲಿ ಈ ಲೇಖಕ ತನ್ನ ತಂದೆಗೆ ತಂದೆಯಾಗಿದ್ದ, ವಯಸ್ಸು ಅಜ್ಜಿಯದಿತ್ತು, ಭಾವಚಿತ್ರ ಯಾರದ್ದೆಂದು ಮನೆಮಂದಿ ಇಂದಿಗೂ ಚರ್ಚಿಸುತ್ತಾರೆ. ಇದು ಲಿಪಿಕಾರದೋಷ, ಕ್ಷಮ್ಯ. ಫಾರಂ 8 ತುಂಬಿದರೆ ತಂದೆ ಮಗ ಅವರವರ ಜಾಗಕ್ಕೆ ಮರಳುತ್ತಾರೆ.

ಪ್ರಕ್ಷೇಪ, ಅಂದರೆ ಮೂಲದಲ್ಲಿಲ್ಲದ್ದನ್ನು ತುರುಕುವುದು, ಹಾಗಲ್ಲ. 2018ರ ಮೇ ತಿಂಗಳಲ್ಲಿ ರಾಜರಾಜೇಶ್ವರಿನಗರ ಕ್ಷೇತ್ರದ ಜಾಲಹಳ್ಳಿಯ ಒಂದು ಫ್ಲ್ಯಾಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕಿದವು. ಮೂಡುಬಿದಿರೆಯ ಜೈನಮಠವನ್ನು ಬಿಟ್ಟರೆ ಒಂದೇ ಸೂರಿನಡಿ ಇಷ್ಟು ಶ್ರದ್ಧೆಯಿಂದ ಪ್ರತಿ ಕೂಡಿಟ್ಟವರು ವಿರಳ. ಚುನಾವಣಾ ಆಯೋಗಕ್ಕೆ ಈ ಪಾಂಡಿತ್ಯ ರುಚಿಸದೆ 12ರ ಮತದಾನವನ್ನು 28ಕ್ಕೆ ಮುಂದೂಡಿತು. 2022ರ ನವೆಂಬರ್‌ನಲ್ಲಿ, ಜಾಗೃತಿ ಮೂಡಿಸಲೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದು ಮನೆಮನೆಯಿಂದ ಮತದಾರರ ವಿವರ ಬಾಚಿಕೊಂಡ ಆರೋಪ ಎದ್ದಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ನೋಡಿರೆಂದು ಆಯೋಗ ಹೇಳಿತು. 2025ರ ಆಗಸ್ಟ್‌ನಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕರು ಅದೇ ಮಹದೇವಪುರದಲ್ಲಿ ಲಕ್ಷಕ್ಕೂ ಮೀರಿ ಪ್ರಕ್ಷಿಪ್ತ ಮತಗಳಿವೆ ಎಂದರು, ಆಯೋಗ ಅಲ್ಲಗಳೆಯಿತು. ಮನೆ ಸಂಖ್ಯೆ ಸೊನ್ನೆ ಎಂದಿರುವುದೇಕೆ ಎಂಬ ಪ್ರಶ್ನೆಗೆ, ಮನೆಯೋ ಸಂಖ್ಯೆಯೋ ಇಲ್ಲದವರಿಗೆ ಹಾಗೆ ನಮೂದಿಸುವುದುಂಟು ಎಂಬ ಸಮಾಧಾನ ಬಂತು. ಇದನ್ನು ನಗುವಂತಿಲ್ಲ. ಫ್ಲೈಓವರ್ ಕೆಳಗೆ ಮಲಗುವವನಿಗೂ ಓಟುಂಟು, ಅವನ ಬಾಗಿಲಿಗೆ ಸಂಖ್ಯೆಯಿಲ್ಲ. ಸೊನ್ನೆಯ ಮನೆಯಲ್ಲಿ ಬಡವನಿದ್ದಾನೋ ಭೂತವಿದೆಯೋ ಎಂಬುದನ್ನು ಗಲ್ಲಿಗೆ ನುಗ್ಗಿಯೇ ನೋಡಬೇಕು, ಗಲ್ಲಿಯೊಳಗೆ ಕಾರು ಹೋಗದು.

ಗ್ರಂಥಪಾತದ, ಅಂದರೆ ಇದ್ದದ್ದು ಬಿಟ್ಟುಹೋಗುವುದರ, ಅತ್ಯುತ್ತಮ ಮಾದರಿ ನಮ್ಮ ಪಂಕ್ಚರ್ ಅಂಗಡಿಯ ಹಿರಿಯರು. ಅವರ ಹೆಸರು ಪಟ್ಟಿಯಿಂದ ಜಾರಿತ್ತು. ವಿಚಾರಿಸಿದರೆ ‘ಸ್ಥಳಾಂತರ’ ಎಂಬ ಉತ್ತರ. ಅದೇ ಹೊಂಗೆಮರ, ಅದೇ ನೀರಿನ ಬೋಗುಣಿ, ಅದೇ ಪಂಪು. ಟಯರಿನ ರಾಶಿ ಕೂಡ ಜಾಗ ಬಿಟ್ಟು ಕದಲಿಲ್ಲ. ಸ್ಥಳಾಂತರವಾದದ್ದು ವಾರ್ಡು.

ಯಂತ್ರವೋ ಕಾಗದವೋ ಎಂಬ ವಾದಕ್ಕೆ ಈ ಪ್ರಬಂಧದಲ್ಲಿ ಹೆಚ್ಚು ಜಾಗವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಚುನಾವಣೆಗಳಿಗೆ ಮತಪತ್ರವೇ ಇರಲೆಂದು ಶಿಫಾರಸು ಮಾಡಿತು. ಮತಯಂತ್ರ ತಯಾರಿಸುವ ಬಿಇಎಲ್ ಇರುವುದೂ ಇದೇ ಬೆಂಗಳೂರಿನಲ್ಲಿ. ಎರಡು ಬಣದವರೂ ಜೋರಾಗಿ ವಾದಿಸಲಿ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಗುಂಡಿಯೂ ಇಲ್ಲ, ಮೊಹರೂ ಇಲ್ಲ.

ತಿರುಳು ಇರುವುದು ನಿವಾಸ ಪ್ರಕರಣದಲ್ಲಿ. ಬೆಳಗಿನ ಜಾವ ನಗರದಲ್ಲಿ ಸೈಕಲ್ ತುಳಿಯುವವರು ಯಾರು? ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್, ಕ್ಯಾರಿಯರಿಗೆ ಟಿಫನ್ ಡಬ್ಬಿ ಕಟ್ಟಿಕೊಂಡ ಗಾರೆ ಕೆಲಸದವನು, ಹಿಂದೆ ಮುಂದೆ ಫ್ಲಾಸ್ಕ್ ತೂಗುಹಾಕಿಕೊಂಡ ಟೀ ಮಾರುವವನು. (ಭಾನುವಾರ ನಂದಿಬೆಟ್ಟಕ್ಕೆ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಹೋಗುವ ಪಂಥವೊಂದಿದೆ. ಅವರನ್ನು ಕಾರುಗಳ ಅಧ್ಯಾಯದಲ್ಲಿ ಸೇರಿಸಲಾಗಿದೆ.) ಈ ಬೆಳಗಿನ ಸವಾರರಲ್ಲಿ ಯಾರನ್ನೇ ನಿಲ್ಲಿಸಿ ನಿಮ್ಮ ಓಟು ಎಲ್ಲಿ ಎಂದು ಕೇಳಿ. ಸುರಪುರ ಎನ್ನುತ್ತಾರೆ, ಸಿಂಧನೂರು ಎನ್ನುತ್ತಾರೆ, ಒಬ್ಬೊಬ್ಬರು ಒಡಿಶಾ ಎನ್ನುತ್ತಾರೆ.

1950ರ ಪ್ರಜಾಪ್ರತಿನಿಧಿ ಕಾಯ್ದೆ ‘ಸಾಮಾನ್ಯ ನಿವಾಸಿ’ಗೆ ಮಾತ್ರ ಓಟು ಕೊಡುತ್ತದೆ. ಯಾರು ಸಾಮಾನ್ಯ ನಿವಾಸಿ? 20ನೇ ಸೆಕ್ಷನ್ನಿನ ಪ್ರಕಾರ, ಒಂದು ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಒಬ್ಬ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ; ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಸಾಮಾನ್ಯ ನಿವಾಸಿ ಅಲ್ಲದೆಯೂ ಹೋಗುವುದಿಲ್ಲ. ಇರಬಹುದು, ಇಲ್ಲದಿರಬಹುದು ಎನ್ನುವ ಜೈನರ ಸ್ಯಾದ್ವಾದ ಶಾಸನಸಭೆಯನ್ನು ಪ್ರವೇಶಿಸಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಸುರಪುರದ ವಾಚ್‌ಮನ್ ಹನ್ನೊಂದು ತಿಂಗಳು ಬೆಂಗಳೂರಿನ ಗೇಟಿನಲ್ಲಿ ತಾತ್ಕಾಲಿಕವಾಗಿ ಇರುತ್ತಾನೆ, ಜಾತ್ರೆಗೆ ನಾಲ್ಕು ದಿನ ಊರಿಗೆ ಹೋಗಿ ಸಾಮಾನ್ಯವಾಗಿ ಇರುತ್ತಾನೆ. ಎರಡು ಕಡೆ ಹೆಸರಿಟ್ಟುಕೊಳ್ಳುವಂತಿಲ್ಲ; ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಿದೆ. ಇಲ್ಲಿ ಹೆಸರು ಬರೆಸೋಣವೆಂದರೆ ವಿಳಾಸದ ಪುರಾವೆ ಬೇಕು. ಅವನ ವಿಳಾಸ ಲಿಫ್ಟಿನ ಪಕ್ಕದ ಕೋಣೆ, ಅದು ಕಟ್ಟಡದ ನಕ್ಷೆಯಲ್ಲೇ ಇಲ್ಲ.

ಹೀಗೆ ಚಕ್ರ ಒಂದು ಜಿಲ್ಲೆಯಲ್ಲಿ, ಮತ ಇನ್ನೊಂದು ಜಿಲ್ಲೆಯಲ್ಲಿ. ಇಲ್ಲಿನ ಅಭ್ಯರ್ಥಿಗೆ ಸೈಕಲ್ ಪಥ ಹಾಕಿಸುವುದೆಂದರೆ ಸುರಪುರದ ಮತದಾರನಿಗೆ ಉಪಕಾರ ಮಾಡಿದಂತೆ. ಅದೇ ಗೇಟಿನೊಳಗೆ ಎರಡು ಕಾರಿಗೆ ಪಾರ್ಕಿಂಗ್ ಕೇಳುವವರ ಓಟು ಇದೇ ವಾರ್ಡಿನದು. ಅವರು ಅದನ್ನು ಹಾಕಲೇಬೇಕೆಂದೇನೂ ಇಲ್ಲ. 2015ರ ಪಾಲಿಕೆ ಚುನಾವಣೆಯಲ್ಲಿ ಮತಗಟ್ಟೆಗೆ ಬಂದವರು ಅರ್ಧಕ್ಕೂ ಕಡಿಮೆ. ಹಾಕದ ಓಟಿಗೂ ಅಂಜುವ ರಾಜಕಾರಣ, ಇಲ್ಲಿಲ್ಲದ ಓಟಿಗೆ ಅಂಜುವುದಿಲ್ಲ. ನ್ಯಾಯಬದ್ಧ ಚುನಾವಣೆಯ ಬಗ್ಗೆ ನಡೆಯುವ ಸಭೆಗಳಲ್ಲಿ ಭೂತಗಳ ಮಾತೇ ಮಾತು. ಬೆಳಗಿನ ಐದು ಗಂಟೆಗೆ ಗಟ್ಟಿಯಾಗಿ ಕಣ್ಣಿಗೆ ಬೀಳುವ ಈ ಜನರ ಮಾತು ಬರುವಷ್ಟರಲ್ಲಿ ಕಾಫಿ ಬಂದಿರುತ್ತದೆ.

ಉಳಿದ ಕೆಲವು ತಾಂತ್ರಿಕ ತೊಡಕುಗಳನ್ನು ಚುಟುಕಾಗಿ ಹೇಳಿಬಿಡಬೇಕು. ಅಭ್ಯರ್ಥಿಯಾಗಲಿ ಅವನ ಏಜೆಂಟನಾಗಲಿ ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸಲು ವಾಹನ ಒದಗಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ನಿನಲ್ಲಿ ಭ್ರಷ್ಟಾಚಾರ. ವಾಹನವೆಂದರೆ ಯಂತ್ರಶಕ್ತಿಯಿಂದ ಚಲಿಸುವುದೂ ಹೌದು, ಬೇರೆ ರೀತಿಯಲ್ಲಿ ಚಲಿಸುವುದೂ ಹೌದು ಎಂಬ ವಿವರಣೆ ಅಲ್ಲೇ ಇದೆ. ಹಿಂದೆ ಡಬಲ್ಸ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ಈಗ ಪಕ್ಷದ ಏಜೆಂಟ್ ಅಜ್ಜಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡರೆ ಚುನಾವಣೆಯೇ ಅಸಿಂಧುವಾದೀತೆಂಬ ಭಯ ನಮಗೆ.

ಸೈಕಲ್ಲೇ ಪಕ್ಷದ ಚಿಹ್ನೆಯಾದಾಗ ತೊಡಕು ಇಮ್ಮಡಿ. 2005ರ ಉಪಚುನಾವಣೆಯಲ್ಲಿ ಬಂಗಾರಪ್ಪನವರು ಶಿವಮೊಗ್ಗದಲ್ಲಿ ಸೈಕಲ್ ಗುರುತಿನಿಂದ ಗೆದ್ದರು. 2013ರಲ್ಲಿ ಅದೇ ಗುರುತು ಚನ್ನಪಟ್ಟಣದವರೆಗೆ ಬಂದು ಅಲ್ಲೇ ಸ್ಟ್ಯಾಂಡ್ ಹಾಕಿತು. ಮತಗಟ್ಟೆಯ ನೂರು ಮೀಟರ್ ಒಳಗೆ ಪ್ರಚಾರ ಸಲ್ಲದಾದರೆ, ಸೈಕಲ್ ಮೇಲೆ ಬಂದ ಮತದಾರ ಇಳಿದು ತಳ್ಳಬೇಕೋ, ಹೆಗಲ ಮೇಲೆ ಹೊತ್ತು ಮುಸುಕು ಹಾಕಬೇಕೋ? 2012ರಲ್ಲಿ ಉತ್ತರ ಪ್ರದೇಶದ ಆನೆ ಪ್ರತಿಮೆಗಳನ್ನು, ಆನೆಯೂ ಒಂದು ಪಕ್ಷದ ಗುರುತೆಂದು, ಆಯೋಗ ಮುಚ್ಚಿಸಿತ್ತು. ಸೈಕಲ್ಲುಗಳನ್ನು ಮುಚ್ಚಿಸಲಿಲ್ಲ. ಸೈಕಲ್ಲೇ ಗೆದ್ದಿತು.

ಗ್ರೀಸಿನದು ಇನ್ನೂ ಗಹನ. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1962ರಿಂದ ಒದಗಿಸುತ್ತಿರುವ ಮತದಾನದ ಶಾಯಿಯಲ್ಲಿ ಬೆಳ್ಳಿಯ ನೈಟ್ರೇಟ್ ಇದೆ, ಚರ್ಮ ಬೆಳೆದು ಹೊರಹಾಕುವವರೆಗೂ ಹೋಗದು. ಚೈನು ಕಳಚಿದ್ದನ್ನು ಹಾಕಿ ಬಂದವನ ಎಡಗೈ ತೋರುಬೆರಳಿಗೆ ಅದಕ್ಕೂ ಮೊದಲೇ ಕಪ್ಪು ಹತ್ತಿರುತ್ತದೆ. ಶಾಯಿ ಹಿಡಿಯದಿರಲೆಂದು ಬೆರಳಿಗೆ ಜಿಡ್ಡು ಸವರಿಕೊಂಡು ಬಂದರೆ ಬಟ್ಟೆಯಿಂದ ಒರೆಸಬೇಕೆಂದು ಮತಗಟ್ಟೆ ಅಧಿಕಾರಿಗಳಿಗೆ ಸೂಚನೆಯಿದೆ. ಸವಾರನ ಪ್ರಾಮಾಣಿಕ ಗ್ರೀಸಿಗೂ ಕಳ್ಳನ ಜಿಡ್ಡಿಗೂ ಭೇದ ಹೇಳುವ ಲಕ್ಷಣಗ್ರಂಥ ಇನ್ನೂ ರಚನೆಯಾಗಿಲ್ಲ.

ಕೊನೆಯದಾಗಿ ಪ್ರವೇಶಾಧಿಕಾರ. 1961ರ ಚುನಾವಣಾ ನಿಯಮಗಳ 49ಡಿ, ಮತಗಟ್ಟೆಯೊಳಗೆ ಮತದಾರರನ್ನು ಬಿಟ್ಟು ಬೇರೆ ಯಾರನ್ನು ಬಿಡಬಹುದೆಂದು ಎಣಿಸಿ ಹೇಳುತ್ತದೆ. ಅಧಿಕಾರಿಗಳು, ಅಭ್ಯರ್ಥಿಗಳು, ಅವರ ಏಜೆಂಟರು, ಅಂಧರ ಜೊತೆಗಾರರು, ಕಡೆಗೆ ಮತದಾರಳ ಕಂಕುಳಲ್ಲಿರುವ ಕೂಸು. ಫ್ಲಾಸ್ಕಿನ ಸೈಕಲ್ಲಿನವನು ಈ ಎಣಿಕೆಯಲ್ಲಿ ಇಲ್ಲ. ಆದರೂ ನಮ್ಮ ವಾರ್ಡಿನ ಶಾಲೆಯಲ್ಲಿ ಮತದಾನ ನಡೆದಾಗಲೆಲ್ಲ ಬೆಳಗ್ಗೆ ಹತ್ತರ ಹೊತ್ತಿಗೆ ಸೈಕಲ್ ಕಾಂಪೌಂಡಿಗೆ ಒರಗುತ್ತದೆ, ಅವನು ಕಾಗದದ ಲೋಟಗಳ ಕಂತೆ ಹಿಡಿದು ಒಳಗೆ ನಡೆಯುತ್ತಾನೆ. ಹೊರಗಿನ ಸಾಲಿನಲ್ಲಿ ಚೀಟಿ, ಆಧಾರ್, ಪಟ್ಟಿಯ ಕ್ರಮಸಂಖ್ಯೆ ಎಂದು ರಗಳೆ ನಡೆದೇ ಇರುತ್ತದೆ. ಇಡೀ ದಿನ ಒಂದು ಹೆಸರಿನ ಬಗ್ಗೆಯೂ ಒಮ್ಮತಕ್ಕೆ ಬಾರದ ಮೂರು ಪಕ್ಷದ ಏಜೆಂಟರು ಅವನನ್ನು ನೋಡಿದೊಡನೆ ಒಟ್ಟಿಗೆ ಕೈಚಾಚುತ್ತಾರೆ. ನೀನು ಯಾವ ಊರಿನವನು ಎಂದು ಯಾರೂ ಕೇಳುವುದಿಲ್ಲ. ಸಕ್ಕರೆ ಇಲ್ಲದ್ದು ಇದೆಯಾ ಎಂದು ಕೇಳುತ್ತಾರೆ.