ಹಲ್ಲಿ ಬಿದ್ದ ಫಲ

ಅಮೆರಿಕದಿಂದ ಬಂದವರು ಮೊದಲು ಕೇಳುವುದು ವೈಫೈ ಪಾಸ್‌ವರ್ಡು, ಆಮೇಲೆ ಕುಡಿಯುವ ನೀರು. ನನ್ನ ಅಕ್ಕನ ಮಗ ಕೇಳುವುದು ಗೋಡೆ. ಈ ಸಲವೂ ಬೆಳಗಿನ ಜಾವ ಗಾಂಧಿ ಬಜಾರಿನ ನಮ್ಮ ಮನೆಗೆ ಬಂದಿಳಿದವನೇ ಅಮ್ಮನ ಕಾಲಿಗೆ ಬಿದ್ದ. ಬಗ್ಗಿದ ಸೊಂಟ ಇನ್ನೂ ನೆಟ್ಟಗಾಗಿಲ್ಲ, “ಮಾವ, ಇಲ್ಲಿ ಕ್ಲೈಂಬಿಂಗ್ ಜಿಮ್ ಎಷ್ಟು ಹೊತ್ತಿಗೆ ತೆಗೀತಾರೆ?” ಅಂದ.

ಪ್ಲೈವುಡ್ಡಿನ ಗೋಡೆಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಗುಬಟುಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಅವನ್ನು ಹಿಡಿದು ಮೇಲೆ ಹತ್ತಬೇಕು, ಹತ್ತಿದ ಮೇಲೆ ಇಳಿಯಬೇಕು. ಮೇಲೆ ಏನಿರುತ್ತೆ ಅಂದರೆ ಏನೂ ಇರುವುದಿಲ್ಲ. “ತಿರುಪತಿ ಬೆಟ್ಟ ಹತ್ತಿದ್ರೆ ಒಂದು ಲಡ್ಡುನಾದ್ರೂ ಕೊಡ್ತಾರೆ” ಅನ್ನುವುದು ಅಮ್ಮನ ವಾದ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದಕ್ಕೂ ಚಿನ್ನದ ಪದಕ ಕೊಟ್ಟಾಗಿನಿಂದ ಹುಡುಗನ ಬಾಯಿ ಮುಚ್ಚಿಸುವುದು ಕಷ್ಟವಾಗಿದೆ.

ಈ ಜಾತಿಯವರನ್ನು ಗುರುತಿಸುವುದು ಸುಲಭ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ರಬ್ಬರ್ ಅಟ್ಟೆಯ ಒಂದು ಜೊತೆ ಶೂ, ಅದೂ ಕಾಲಿಗಿಂತ ಎರಡು ಸೈಜು ಚಿಕ್ಕದು. ಜೊತೆಗೆ ಎಲೆಅಡಿಕೆ ಸಂಚಿಯಷ್ಟಗಲದ ಚೀಲ, ಅದರ ತುಂಬ ಬಿಳಿ ಪುಡಿ. ಮೆಗ್ನೀಸಿಯಂ ಕಾರ್ಬೊನೇಟು, ಕೈ ಬೆವರು ಹೀರಲಿಕ್ಕೆ. ಇದು ಅಂಥಾ ಪುಡಿಯಲ್ಲ ಎಂದು ಏರ್‌ಪೋರ್ಟಿನವರನ್ನು ನಂಬಿಸುವುದರಲ್ಲೇ ಇವರ ಅರ್ಧ ಆಯುಷ್ಯ ಕಳೆಯುತ್ತದೆ. ಇನ್ನು ಪ್ರವಾಸ ಕಥನ ಕೇಳಿ. ಪ್ರಾಗ್ ಹೇಗಿತ್ತೋ? “ಓವರ್‌ಹ್ಯಾಂಗ್ ಚೆನ್ನಾಗಿತ್ತು.” ಟೋಕಿಯೋ? “ಜಾಗ ಇಕ್ಕಟ್ಟು, ಆದ್ರೆ ಹೋಲ್ಡ್ಸ್ ಸೂಪರ್.” ರೋಮ್? “ನಾವು ಹೋದ ದಿವಸ ರಜಾ ಇತ್ತು ಮಾವ.” ರೋಮ್ ಊರಿಗೇ ರಜಾ.

ಮಧ್ಯಾಹ್ನ ಊಟ ಮಾಡಿಸಿ ಅವನನ್ನು ಕರೆದುಕೊಂಡು ಹೊರಟೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ ಇಂದಿರಾನಗರದ ಕಡೆಗೆ. ದಾರಿಯುದ್ದಕ್ಕೂ ನಾನು ಕರ್ನಾಟಕದ ಮಾನ ಕಾಯುವ ಕೆಲಸದಲ್ಲಿದ್ದೆ. ಹಾಸಿಗೆ ಮಡಚಿ ಬೆನ್ನಿಗೆ ಕಟ್ಟಿಕೊಂಡು ವಿದೇಶದವರು ಹಂಪಿಯ ಬಂಡೆ ಹತ್ತಲಿಕ್ಕೆ ಬರುತ್ತಾರೆ ಕಣೋ, ಬಾದಾಮಿಯ ಕೆಂಪು ಮರಳುಗಲ್ಲಿಗೆ ಹಗ್ಗ ಹಾಕಿಕೊಂಡು ನೇತಾಡುತ್ತಾರೆ, ನಮ್ಮ ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವೂ ಇಲ್ಲದೆ ಕೋಟೆಗೋಡೆ ಹತ್ತಿ ‘ಕೋತಿರಾಜ’ ಅನ್ನಿಸಿಕೊಂಡಿದ್ದಾನೆ ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಔಟ್‌ಡೋರ್ ಮಾವ, ಬಿಸಿಲು” ಅಂದ.

ನಗಬಹುದಿತ್ತು. ಆದರೆ ಮೂರು ವರ್ಷದ ಹಿಂದೆ ಇವನ ಮನೆಗೆ ಹೋಗಿದ್ದಾಗ ನಾನು ನಯಾಗರದ ದಾರಿಯಲ್ಲಿ ಕಾರು ತಿರುಗಿಸಿದ್ದು ನೆನಪಾಯಿತು. ನಲವತ್ತು ಮೈಲಿ ಆಚೆ ಯಾರೋ ಫಿಲ್ಟರ್ ಕಾಫಿ ಕೊಡುತ್ತಾರೆಂದು ಗೊತ್ತಾಗಿತ್ತು. ಡಿಕಾಕ್ಷನ್ ನೀರಾಗಿತ್ತು, ಚಟ್ನಿಗೆ ಸಕ್ಕರೆ ಹಾಕಿದ್ದರು. ಜಲಪಾತ ಹೇಗಿತ್ತು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಆ ಚಟ್ನಿಯಿಂದಲೇ ಶುರು ಮಾಡುವುದು. ಆದ್ದರಿಂದ ಸುಮ್ಮನೆ ಕಿಟಕಿಯ ಕಡೆ ತಿರುಗಿದೆ.

ಜಿಮ್ಮಿನಲ್ಲಿ ಮೊದಲು ಒಂದು ಕಾಗದಕ್ಕೆ ಸಹಿ. ಬಿದ್ದರೆ ನಾವು ಜವಾಬ್ದಾರರಲ್ಲ ಎಂಬುದನ್ನು ಅದರಲ್ಲಿ ಒಂಬತ್ತು ರೀತಿಯಲ್ಲಿ ಬರೆದಿದ್ದರು. ಗೋಡೆ ಎರಡಾಳೆತ್ತರದ ಮೇಲೊಂದಿಷ್ಟು. ಕೆಳಗೆ ನಮ್ಮ ಮದುವೆಯ ಹಾಸಿಗೆಗಿಂತ ದಪ್ಪದ ಹಾಸು. ಒಂದೊಂದು ಬಣ್ಣದ ದಾರಿಗೂ ‘ಪ್ರಾಬ್ಲಂ’ ಅಂತ ಹೆಸರು, ಕಷ್ಟಕ್ಕೆ ತಕ್ಕ ಹಾಗೆ ವಿ ಸೊನ್ನೆಯಿಂದ ವಿ ಹದಿನೇಳರವರೆಗೆ ಅಂಕಿ. ತನ್ನೂರಿನಲ್ಲಿ ವಿ ನಾಲ್ಕು ಹತ್ತುವವನು ಇಲ್ಲಿ ವಿ ಎರಡರಲ್ಲೇ ತಡವರಿಸಿದ. “ಇಲ್ಲಿ ಗ್ರೇಡಿಂಗ್ ತುಂಬಾ ಸ್ಟ್ರಿಕ್ಟು” ಅಂದ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಇವನ ಅಪ್ಪ ಹೇಳಿದ್ದೂ ಇದನ್ನೇ.

ನಾಲ್ಕನೆಯ ಸಲ ಪುಡಿ ಮೆತ್ತಿಕೊಂಡು, ಊದಿಕೊಂಡು, ಗೋಡೆಗೆ ಅಂಟಿದ. ಎಂಟು ವರ್ಷದ ಹುಡುಗಿಯೊಬ್ಬಳು ಕೆಳಗಿನಿಂದ ನೋಡುತ್ತಿದ್ದಳು. “ಅಂಕಲ್, ಎಡಗಾಲು ಹಳದಿ ಮೇಲಿಡಿ” ಅಂದಳು. ಅವನಿಗೆ ಮೂವತ್ತೊಂದು. ಎಡಗಾಲಿನ ಮಾತು ಕಿವಿಗೆ ಬಿತ್ತೋ ಇಲ್ಲವೋ, ಅಂಕಲ್ ಅನ್ನುವುದಂತೂ ಬಿತ್ತು, ಕೈ ಬಿಟ್ಟ. ಧೊಪ್ಪೆಂದು ಬೆನ್ನ ಮೇಲೆ ಬಂದು ಬಿದ್ದ. ಆ ಮಗು ಅವನನ್ನು ದಾಟಿಕೊಂಡು ಹೋಗಿ ಅದೇ ದಾರಿಯನ್ನು ಚಕಚಕ ಹತ್ತಿ ಇಳಿದು ನೀರು ಕುಡಿಯಿತು.

ವಾಪಸು ಬರುತ್ತ ವಿದ್ಯಾರ್ಥಿ ಭವನಕ್ಕೆ ಹೋದೆವು. 1943ರಿಂದ ಅದೇ ದೋಸೆ, ಅದೇ ಕಾಯುವಿಕೆ. ಭುಜದಿಂದ ಬೆರಳ ತುದಿಯವರೆಗೆ ಹತ್ತಕ್ಕೂ ಹೆಚ್ಚು ಮಸಾಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಸಪ್ಲೈಯರ್ ಬಂದರು. ನಾನು ದೋಸೆ ನೋಡುತ್ತಿದ್ದೆ. ಹುಡುಗ ಆ ತೋಳನ್ನು ನೋಡುತ್ತಿದ್ದ, ತುಪ್ಪ ಆರುತ್ತಿದ್ದರೂ. “ಮಾವ, ಏನ್ ಗ್ರಿಪ್ಪು! ಇವರು ಆರಾಮಾಗಿ ವಿ ಆರು ಹತ್ತುತಾರೆ.” ಅವರು ಹತ್ತಲಿಲ್ಲ, “ಕಾಫಿ ಎಷ್ಟು?” ಅಂದರು.

ಮನೆಗೆ ಬಂದು ಬೆನ್ನಿಗೆ ಅಮೃತಾಂಜನ ಹಚ್ಚಿಸಿಕೊಳ್ಳುತ್ತ, “ಅಜ್ಜಿ, ಇವತ್ತು ಮೂರು ಪ್ರಾಬ್ಲಂ ಸಾಲ್ವ್ ಮಾಡಿದೆ” ಅಂದ.

“ಮದುವೆದು ಸೇರಿದೆಯೇನೋ ಅದರಲ್ಲಿ?”

ಅಷ್ಟಕ್ಕೇ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಪಂಚಾಂಗ ತೆಗೆದು ಕೊನೆಯ ಪುಟಗಳನ್ನು ತಿರುವಿದಳು. ಹಲ್ಲಿ ತಲೆಯ ಮೇಲೆ ಬಿದ್ದರೆ ಇಂಥದು, ಬಲಭುಜದ ಮೇಲೆ ಬಿದ್ದರೆ ಇಂಥದು ಎಂದು ಉದ್ದದ ಪಟ್ಟಿಯಿದೆಯಲ್ಲ, ಅದರ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಓದಿದಳು. “ಹಲ್ಲಿ ಮನುಷ್ಯನ ಮೇಲೆ ಬಿದ್ರೆ ಏನು ಅಂತ ಹಾಕಿದಾರೆ. ಮನುಷ್ಯನೇ ಹಲ್ಲಿ ಹಾಗೆ ಬಿದ್ರೆ ಏನು ಅಂತ ಹಾಕಿಲ್ಲ” ಎಂದು ಪುಸ್ತಕ ಮಡಚಿಟ್ಟಳು.

ಸಂಜೆ ಅವನ ಬೆನ್ನು ಸಡಿಲವಾಗಲಿ ಎಂದು ಬ್ಯೂಗಲ್ ರಾಕ್ ಕಡೆಗೆ ಕರೆದೊಯ್ದೆ. ನಾವೆಲ್ಲ ಹುಟ್ಟಿದಾಗಿನಿಂದ ಕಡಲೆಕಾಯಿ ಸಿಪ್ಪೆ ಚೆಲ್ಲಿಕೊಂಡು ಕೂತ ಕಹಳೆ ಬಂಡೆ. ಹಿಂದೆ ಕಾವಲಿನವರು ಇದರ ಮೇಲೆ ನಿಂತು ಕಹಳೆ ಊದುತ್ತಿದ್ದರಂತೆ. ಇದರದೇ ಕುಲದ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಬೋರ್ಡು ಹಾಕಿಸಿದ್ದಾರೆ. ಇವನು ಬಂಡೆಯನ್ನು ಸುತ್ತಿ ಬಂದು, ಅಂಗೈ ಒತ್ತಿ, ಒಂದು ಬಿರುಕಿನಲ್ಲಿ ಬೆರಳು ತೂರಿಸಿದ. ಮುಖ ಅರಳಿತು.

“ಮಾವ, ಸೆಟ್ಟಿಂಗ್ ಚೆನ್ನಾಗಿದೆ. ಯಾವಾಗ ಬದಲಾಯಿಸ್ತಾರೆ?”

ಜಿಮ್ಮುಗಳಲ್ಲಿ ಕೆಲವು ವಾರಕ್ಕೊಮ್ಮೆ ಗುಬಟು ಬಿಚ್ಚಿ ಬೇರೆ ಕಡೆ ಬಿಗಿಯುತ್ತಾರಂತೆ. ಇಲ್ಲಿ ಸದ್ಯಕ್ಕಿಲ್ಲ ಎಂದೆ. ಅಷ್ಟರಲ್ಲಿ ಚೀಲ ತೆಗೆದು, ತನ್ನ ಕೈಗೆ ಪುಡಿ ಹಚ್ಚಿಕೊಂಡು, ನನಗೂ ಒಂದು ಚಿಟಿಕೆ ಕೊಟ್ಟ. ಪ್ರಸಾದ ತೆಗೆದುಕೊಳ್ಳುವ ಅಭ್ಯಾಸದಲ್ಲಿ ಕೈಯೊಡ್ಡಿಬಿಟ್ಟೆ. ಆ ಬಿರುಕು ಮೊಣಕಾಲಿನ ಎತ್ತರಕ್ಕೇ ಇತ್ತು, ಬೆರಳೂರಲು ಅನುಕೂಲವಾಗಿಯೇ ಇತ್ತು.

ಕಹಳೆಯ ಬದಲು ಸೀಟಿ ಕೇಳಿಸಿತು. ಪಾರ್ಕಿನ ವಾಚ್‌ಮನ್ ಲಾಠಿ ತಿರುಗಿಸುತ್ತ ಬಂದವನು ಹುಡುಗನನ್ನು ಬಿಟ್ಟು ನನ್ನನ್ನೇ ನೋಡಿದ. “ಯಜಮಾನ್ರೇ, ಪಂಚೆ ಉಟ್ಕೊಂಡು ಇದೆಲ್ಲ ಯಾಕೆ?”

ಬಂಡೆಯ ಮೇಲಿದ್ದ ಎಡಗಾಲನ್ನು ಮೆಲ್ಲಗೆ ಇಳಿಸಿ, ಕೈಯನ್ನು ಹಿಂದೆ ಸರಿಸಿ ಪಂಚೆಗೆ ಒರೆಸಿಕೊಂಡೆ.